ಹೊಲದಲ್ಲಿ ಫ್ಯಾನ್ ನಿಂತಾಗ: ಅನುಮತಿ ಕೊಟ್ಟವರು ಯಾರು, ಊರಿಗೆ ಬಂದ ಹಣದ ಲೆಕ್ಕ ಎಲ್ಲಿದೆ?

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ತಿರುವಿನಲ್ಲಿ, ಬೇಸಿಗೆಯ ಒಂದು ದಿನ, ಬೆಳಗಿನ ಬಸ್ಸು ಮಧ್ಯಾಹ್ನವಾದರೂ ಬರಲಿಲ್ಲ. ಗಾಳಿ ಫ್ಯಾನಿನ ಒಂದೇ ಒಂದು ರೆಕ್ಕೆಯನ್ನು ಹೊತ್ತ ಟ್ರೇಲರ್ ಆ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ರೆಕ್ಕೆಯ ತುದಿ ಇತ್ತ ಹೋಟೆಲಿನ ತಗಡಿನ ಮೇಲೆ ಚಾಚಿದ್ದರೆ ಟ್ರೇಲರಿನ ಮೂತಿ ಅತ್ತ ಶಾಲೆಯ ಕಾಂಪೌಂಡ್ ಮುಟ್ಟುವಂತಿತ್ತು. ಇಬ್ಬರು ಹುಡುಗರು ಬಿದಿರಿನ ಗಳದಿಂದ ಮನೆಗಳ ಸರ್ವಿಸ್ ವೈರುಗಳನ್ನು ಎತ್ತಿ ಹಿಡಿದಿದ್ದರು. ಜೆಸಿಬಿ ರಸ್ತೆಯ ಬದಿಗೆ ಗರಸು ಸುರಿದು ತಿರುವನ್ನು ಅಗಲ ಮಾಡುತ್ತಿತ್ತು. ಬೇವಿನ ಮರದ ದೊಡ್ಡ ಕೊಂಬೆಯೊಂದು ಆಗಲೇ ನೆಲಕ್ಕೆ ಬಿದ್ದಿತ್ತು. ನೋಡುತ್ತ ನಿಂತವರಲ್ಲಿ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಇದಕ್ಕ ಪರವಾನಗಿ ಕೊಟ್ಟಾವ್ರು ಯಾರ್ರಿ?" ಪಂಚಾಯ್ತಿಯವರು ಎಂದರು ಒಬ್ಬರು, ತಹಶೀಲ್ದಾರರು ಎಂದರು ಇನ್ನೊಬ್ಬರು, ಎಲ್ಲಾ ಬೆಂಗಳೂರಿಂದ ಆಗಿರ್ತದ ಬಿಡ್ರಿ ಎಂದರು ಮೂರನೆಯವರು.

ಮೂವರ ಉತ್ತರವೂ ಅರ್ಧರ್ಧ ಸರಿ. ಪವನ ವಿದ್ಯುತ್ ಯೋಜನೆಗೆ ಇಡಿಯಾಗಿ ಒಪ್ಪಿಗೆ ಕೊಡುವ ಒಂದೇ ಕಚೇರಿ ಎಂಬುದಿಲ್ಲ. ಒಪ್ಪಿಗೆ ತುಂಡು ತುಂಡಾಗಿ ಹಲವು ಕಡೆ ಸಿಗುತ್ತದೆ. ಹಾಗಾಗಿಯೇ ಜವಾಬ್ದಾರಿಯೂ ತುಂಡಾಗಿದೆ. ಯಾವ ತುಂಡು ಯಾರ ಬಳಿ ಇದೆ, ಊರಿನ ಹೆಸರಿನಲ್ಲಿ ಬರುವ ಹಣ ಯಾವ ಕಾನೂನಿನಿಂದ ಬರುತ್ತದೆ ಎಂಬುದು ತಿಳಿಯದೆ ಪ್ರಶ್ನೆ ಕೇಳಿದರೆ ಉತ್ತರ ಕಚೇರಿಯಿಂದ ಕಚೇರಿಗೆ ಅಲೆಯುತ್ತಲೇ ಇರುತ್ತದೆ.

ಇದು ಈಗೇಕೆ ಮುಖ್ಯವಾಯಿತು

2024-25ರ ಆರ್ಥಿಕ ವರ್ಷದಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕ. ಆ ಒಂದೇ ವರ್ಷದಲ್ಲಿ ಸುಮಾರು 1,331 ಮೆಗಾವ್ಯಾಟ್. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನ ಪ್ರಕಾರ ನೆಲದಿಂದ 150 ಮೀಟರ್ ಎತ್ತರದಲ್ಲಿ ಬೀಸುವ ಗಾಳಿಯಿಂದ ಕರ್ನಾಟಕದಲ್ಲಿ 169 ಗಿಗಾವ್ಯಾಟ್‌ನಷ್ಟು, ಅಂದರೆ 1,69,000 ಮೆಗಾವ್ಯಾಟ್‌ನಷ್ಟು ಸಾಧ್ಯತೆ ಇದೆ. ಆಷಾಢದ ಗಾಳಿ ಜೋರಾಗಿ ಹಾಯುವ ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆಯ ಬಯಲು ಈ ಲೆಕ್ಕಾಚಾರದ ನಡುವೆಯೇ ಇದೆ. ಕೊಪ್ಪಳವನ್ನು 2,500 ಮೆಗಾವ್ಯಾಟ್‌ನ ಪವನ ಶಕ್ತಿ ವಲಯವೆಂದೂ ಗದಗವನ್ನು ಅಷ್ಟೇ ಸಾಮರ್ಥ್ಯದ ಸೌರ ಶಕ್ತಿ ವಲಯವೆಂದೂ ಗುರುತಿಸಿ, ಅಲ್ಲಿಂದ ವಿದ್ಯುತ್ ಹೊರಸಾಗಿಸಲು ಅಂತರರಾಜ್ಯ ಪ್ರಸರಣ ಮಾರ್ಗಗಳನ್ನು ಯೋಜಿಸಲಾಯಿತು. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯನ್ನು ಕಣದಲ್ಲಿ ರಾಶಿ ಮಾಡುವವರಿಗಿಂತ ಚೆನ್ನಾಗಿ ಈಗ ಕಂಪನಿಗಳು ಪಾಲಿಸುತ್ತಿವೆ ಎನ್ನಬಹುದು.

ಮುಂದಿನ ಮಾತಿಗೆ ಬೇಕಾಗುವ ಒಂದು ಲೆಕ್ಕವನ್ನು ಇಲ್ಲಿಯೇ ಮಾಡಿಕೊಳ್ಳೋಣ. ಮೆಗಾವ್ಯಾಟ್ ಎಂದರೆ ಯಂತ್ರದ ತಾಕತ್ತು. ಯೂನಿಟ್ ಎಂದರೆ ಅದು ನಿಜವಾಗಿ ಮಾಡಿದ ಕೆಲಸ. 50 ಸೀಟಿನ ಬಸ್ಸು ಎಲ್ಲ ಟ್ರಿಪ್ಪಿನಲ್ಲೂ ತುಂಬಿ ಓಡುವುದಿಲ್ಲ, ಹಾಗೆಯೇ ಫ್ಯಾನ್ ಕೂಡ ವರ್ಷವಿಡೀ ಪೂರ್ತಿ ತಾಕತ್ತಿನಲ್ಲಿ ತಿರುಗುವುದಿಲ್ಲ. 3 ಮೆಗಾವ್ಯಾಟ್‌ನ ಒಂದು ಫ್ಯಾನ್ ವರ್ಷದ ಸರಾಸರಿಯಲ್ಲಿ ತನ್ನ ತಾಕತ್ತಿನ ಶೇ 30ರಷ್ಟು ಕೆಲಸ ಮಾಡಿತು ಎಂದಿಟ್ಟುಕೊಂಡರೆ ಸುಮಾರು 78 ಲಕ್ಷ ಯೂನಿಟ್ ಬರುತ್ತದೆ. ಯೂನಿಟ್‌ಗೆ ಮೂರೂವರೆ ರೂಪಾಯಿ ಎಂದು ಹಿಡಿದರೆ ಒಂದು ಫ್ಯಾನಿನ ವರ್ಷದ ವಹಿವಾಟು ಎರಡೂಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸು. ಇದು ಲಾಭವಲ್ಲ, ಸಾಲದ ಬಡ್ಡಿ, ಯಂತ್ರದ ಸವಕಳಿ, ನಿರ್ವಹಣೆಯ ಖರ್ಚು ಎಲ್ಲ ಇದರಲ್ಲೇ ಹೋಗಬೇಕು. ಆದರೂ ಮಾತು ಎಷ್ಟು ದೊಡ್ಡ ಮೊತ್ತದ ಸುತ್ತ ನಡೆಯುತ್ತಿದೆ ಎಂಬ ಅಳತೆ ಸಿಗುತ್ತದೆ.

ಅನುಮತಿಯ ತುಂಡುಗಳು

ಹೊಸ ಮನೆ ಕಟ್ಟುವವರಿಗೆ ಜಾಗದ ಕಾಗದ ಒಂದು ಕಡೆ, ಕಟ್ಟಡದ ಪರವಾನಗಿ ಇನ್ನೊಂದು ಕಡೆ, ಕರೆಂಟ್ ಮೀಟರ್ ಮತ್ತೊಂದು ಕಡೆ ಸಿಗುತ್ತದೆ. ಪವನ ವಿದ್ಯುತ್ ಯೋಜನೆಯದೂ ಇದೇ ಬಗೆ, ಅಳತೆ ಮಾತ್ರ ದೊಡ್ಡದು.

2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ವಿದ್ಯುತ್ ಉತ್ಪಾದಿಸಲು ಲೈಸೆನ್ಸ್ ಬೇಡ. ಯಾರು ಬೇಕಾದರೂ ಉತ್ಪಾದಿಸಬಹುದು. ಅದನ್ನು ಗ್ರಿಡ್‌ಗೆ, ಅಂದರೆ ಎಲ್ಲ ತಂತಿಗಳ ಆ ದೊಡ್ಡ ಜಾಲಕ್ಕೆ ಸೇರಿಸುವಾಗ ಮಾತ್ರ ನಿಯಮಗಳು ಬರುತ್ತವೆ. ಇಲ್ಲಿ ಎರಡು ದಾರಿಗಳಿವೆ. ರಾಜ್ಯದ ದಾರಿಯಲ್ಲಿ ಹೋಗುವ ಯೋಜನೆಗೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಅಂದರೆ ಕ್ರೆಡಲ್, ನೋಡಲ್ ಸಂಸ್ಥೆಯಾಗಿರುತ್ತದೆ. ಸಾಮರ್ಥ್ಯದ ಹಂಚಿಕೆ ಇಂಧನ ಇಲಾಖೆಯ ಆದೇಶದ ಮೂಲಕ ಆಗುತ್ತದೆ, ಗ್ರಿಡ್ ಸಂಪರ್ಕವನ್ನು ರಾಜ್ಯದ ಪ್ರಸರಣ ಕಂಪನಿಯಾದ ಕೆಪಿಟಿಸಿಎಲ್ ಕೊಡುತ್ತದೆ. ಕೇಂದ್ರದ ದಾರಿಯಲ್ಲಿ ಹೋಗುವ ಯೋಜನೆಗಳಲ್ಲಿ ಟೆಂಡರ್ ದಿಲ್ಲಿಯ ಸಂಸ್ಥೆಗಳಿಂದ ನಡೆಯುತ್ತದೆ, ಗ್ರಿಡ್ ಸಂಪರ್ಕ ಕೇಂದ್ರೀಯ ಪ್ರಸರಣ ಸಂಸ್ಥೆಯಿಂದ ಸಿಗುತ್ತದೆ, ವಿದ್ಯುತ್ ಬೇರೆ ರಾಜ್ಯಕ್ಕೂ ಹೋಗಬಹುದು. ಪಕ್ಕಪಕ್ಕದ ಹೊಲಗಳ ಎರಡು ಫ್ಯಾನ್‌ಗಳು ಹೀಗೆ ಎರಡು ಬೇರೆ ಸರ್ಕಾರಗಳ ಕಡತದಲ್ಲಿ ಇರಬಹುದು. ಆದ್ದರಿಂದ ಯಾವುದೇ ಯೋಜನೆಯ ಬಗ್ಗೆ ಮೊದಲು ಕೇಳಬೇಕಾದದ್ದು, ಅದು ರಾಜ್ಯದ ಗ್ರಿಡ್‌ನದೋ ಅಂತರರಾಜ್ಯ ಗ್ರಿಡ್‌ನದೋ ಎಂಬುದನ್ನು. ನಮ್ಮ ಮೀಟರಿನ ಜೆಸ್ಕಾಂ ಕಚೇರಿಗೆ ಹೋಗಿ ಫ್ಯಾನಿನ ಜಗಳ ಮಾಡಿದರೆ ಹೆಚ್ಚಿನ ಪ್ರಯೋಜನವಾಗದಿರುವುದಕ್ಕೆ ಕಾರಣವೂ ಇದೇ. ಜೆಸ್ಕಾಂ ವಿದ್ಯುತ್ ಹಂಚುವ ಕಂಪನಿ, ಫ್ಯಾನ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದಲ್ಲ.

ಹೂಡಿಕೆಯ ಒಪ್ಪಿಗೆ ಬೇರೆ. 2002ರ ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯಡಿ ಏಕಗವಾಕ್ಷಿ ಸಮಿತಿಗಳಿವೆ. ಸಣ್ಣ ಹೂಡಿಕೆಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ, ದೊಡ್ಡವು ರಾಜ್ಯ ಮಟ್ಟದ ಸಮಿತಿಗಳಿಗೆ ಹೋಗುತ್ತವೆ. ಪತ್ರಿಕೆಯಲ್ಲಿ ಇಷ್ಟು ಸಾವಿರ ಕೋಟಿಯ ಯೋಜನೆಗೆ ಒಪ್ಪಿಗೆ ಎಂದು ಬರುವ ಸುದ್ದಿ ಈ ಹಂತದ್ದು. ಅದನ್ನು ಓದಿ ನಮ್ಮೂರ ಸರ್ವೆ ನಂಬರಿಗೂ ಒಪ್ಪಿಗೆ ಸಿಕ್ಕಿತೆಂದು ತಿಳಿಯುವುದು ತಪ್ಪು.

ಜಮೀನಿನ ಕೆಲಸ ಕಂದಾಯ ಇಲಾಖೆಯದು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವ ವಿಷಯ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿಗೆ ಬರುತ್ತದೆ, ಜನ ಎನ್.ಎ. ಎಂದು ಕರೆಯುವುದು ಇದನ್ನೇ. ಗೋಮಾಳ ಮತ್ತಿತರ ಸರ್ಕಾರಿ ಜಮೀನಾದರೆ ಜಿಲ್ಲಾಡಳಿತದ ಆದೇಶ ಬೇಕು, ಅರಣ್ಯ ಜಮೀನಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಯಂತ್ರಕ್ಕೆ ವಿದ್ಯುತ್ ಹರಿಸುವ ಮೊದಲು ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯಾಗಬೇಕು. ರಸ್ತೆಯಲ್ಲೂ ಪಾಲು ಹಂಚಿಕೆ ಇದೆ: ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು, ಹಳ್ಳಿಯ ರಸ್ತೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು.

ಜನರ ಮಾತು ಕೇಳುವ ಸಭೆ ಏಕೆ ನಡೆಯುವುದಿಲ್ಲ

ಕುಡಿತಿನಿಯ ಬಳ್ಳಾರಿ ಶಾಖೋತ್ಪನ್ನ ಸ್ಥಾವರ, ರಾಯಚೂರಿನ ಯರಮರಸ್ ಸ್ಥಾವರದಂಥ ಕಲ್ಲಿದ್ದಲಿನ ಯೋಜನೆಗಳನ್ನು ಕಂಡವರು ಈ ಪ್ರಶ್ನೆ ಕೇಳುವುದು ಸಹಜ. ಕಲ್ಲಿದ್ದಲಿನ ದೊಡ್ಡ ಸ್ಥಾವರ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿದೆ. ಅಂಥ ಯೋಜನೆ ಬಂದರೆ ಪರಿಣಾಮದ ವರದಿ ಸಿದ್ಧವಾಗಬೇಕು, 30 ದಿನ ಮೊದಲೇ ನೋಟಿಸ್ ಕೊಟ್ಟು ಜಿಲ್ಲಾಡಳಿತದ ಮೇಲ್ವಿಚಾರಣೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಪವನ ವಿದ್ಯುತ್ ಆ ಪಟ್ಟಿಯಲ್ಲೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಅದನ್ನು ಮಾಲಿನ್ಯ ಅತಿ ಕಡಿಮೆ ಇರುವ ಬಿಳಿ ವರ್ಗಕ್ಕೆ ಸೇರಿಸಿತು. ಹೊಗೆಯಿಲ್ಲ, ಬೂದಿಯಿಲ್ಲ, ನೀರಿನ ದೊಡ್ಡ ಬಳಕೆಯಿಲ್ಲ ಎಂಬುದು ಇದರ ಹಿಂದಿನ ತರ್ಕ. ಕುಡಿತಿನಿ ಸುತ್ತಲ ಬೂದಿಯನ್ನು ಕಂಡವರಿಗೆ ಆ ತರ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಸಭೆ ಇಲ್ಲವೆಂದರೆ ಮಾಲಿನ್ಯದ ಮಾತಿನ ಜೊತೆಗೆ ಉಳಿದ ಮಾತುಗಳಿಗೂ ವೇದಿಕೆ ಇಲ್ಲವಾಗುತ್ತದೆ. ಕುರಿಯ ಹಿಂಡು ಹಾಯುವ ದಾರಿ, ಹೊಲದ ಬದು ಒಡೆದು ನೀರು ಪಕ್ಕದವರ ಹೊಲಕ್ಕೆ ನುಗ್ಗುವುದು, ಸಿರುಗುಪ್ಪದ ಎರೆ ಬಯಲಿನಲ್ಲಿ ಬದುಕುಳಿದಿರುವ ಎರೆಭೂತ ಹಕ್ಕಿಯಂಥ ಅಪರೂಪದ ಜೀವಿಗಳ ನೆಲೆ, ಇವುಗಳನ್ನು ಒಂದೆಡೆ ಕೂತು ಕೇಳಿ ದಾಖಲಿಸುವ ಕಡ್ಡಾಯ ಹಂತವೊಂದು ಇಲ್ಲ. ಖಾಸಗಿ ಜಮೀನನ್ನು ಕಂಪನಿ ನೇರವಾಗಿ ಕೊಂಡರೆ ಅಥವಾ ಲೀಸ್ ಪಡೆದರೆ ಗ್ರಾಮಸಭೆ ಒಪ್ಪಲೇಬೇಕೆಂದು ಹೇಳುವ ಕಾನೂನೂ ಇಲ್ಲ. ಉಳಿಯುವುದು ಗ್ರಾಮ ಪಂಚಾಯ್ತಿಯ ಪರವಾನಗಿ ಮತ್ತು ನಿರಾಕ್ಷೇಪಣಾ ಪತ್ರ. ಅದನ್ನು ಪಂಚಾಯ್ತಿಯ ಸಾಮಾನ್ಯ ಸಭೆಯ ಠರಾವಿನ ಮೇಲೆ ಕೊಡಲಾಗುತ್ತದೆ. ಗ್ರಾಮಸಭೆ ಎಂದರೆ ಮತದಾರರೆಲ್ಲರ ಸಭೆ, ಸಾಮಾನ್ಯ ಸಭೆ ಎಂದರೆ ಆಯ್ಕೆಯಾದ ಸದಸ್ಯರ ಸಭೆ; ಊರವರು ಒಪ್ಪಿದ್ದಾರೆ ಎಂದು ಯಾರಾದರೂ ಹೇಳಿದಾಗ ಯಾವ ಸಭೆ ಎಂದು ಕೇಳಬೇಕಾದದ್ದು ಇದಕ್ಕಾಗಿಯೇ.

ಮನೆಯಿಂದ ಎಷ್ಟು ದೂರ

ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ಉತ್ತರವಿದೆ. ಶಬ್ದದ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರ್ ಒಳಗೆ ಫ್ಯಾನ್ ನಿಲ್ಲಿಸಬಾರದು. ಸಾರ್ವಜನಿಕ ರಸ್ತೆ, ರೈಲು ಹಳಿ, ಕಟ್ಟಡಗಳಿಂದ ಇರಬೇಕಾದ ದೂರಕ್ಕೆ ಒಂದು ಸೂತ್ರವಿದೆ: ಕಂಬದ ಎತ್ತರ, ಅದಕ್ಕೆ ರೆಕ್ಕೆಗಳ ಸುತ್ತಿನ ವ್ಯಾಸದ ಅರ್ಧ, ಮೇಲೆ 5 ಮೀಟರ್. ಕಂಬ 120 ಮೀಟರ್, ವ್ಯಾಸ 150 ಮೀಟರ್ ಇದ್ದರೆ 120, 75 ಮತ್ತು 5 ಕೂಡಿ 200 ಮೀಟರ್. ಸೂತ್ರದ ಅರ್ಥ ಸರಳ: ಯಂತ್ರ ಬುಡಸಮೇತ ಉರುಳಿ ಬಿದ್ದರೂ ರೆಕ್ಕೆಯ ತುದಿ ರಸ್ತೆಗೆ ತಾಗಬಾರದು. ತೆಂಗಿನ ಮರ ಕಡಿಯುವಾಗ ಅದು ಎಷ್ಟು ದೂರ ಬೀಳುತ್ತದೆಂದು ಕಣ್ಣಳತೆ ಮಾಡುತ್ತೇವಲ್ಲ, ಅದೇ ಲೆಕ್ಕ. ಶಬ್ದಕ್ಕೆ ಬೇರೆ ಅಳತೆಯಿದೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ.

ಒಂದು ಸೂಕ್ಷ್ಮವಿದೆ. ಕಾಯ್ದೆ, ನಿಯಮ, ಮಾರ್ಗಸೂಚಿ ಮೂರೂ ಒಂದೇ ತೂಕದವಲ್ಲ. ಕಾಯ್ದೆಯನ್ನು ಶಾಸನಸಭೆ ಮಾಡುತ್ತದೆ, ನಿಯಮವನ್ನು ಆ ಕಾಯ್ದೆಯ ಬಲದಿಂದ ಸರ್ಕಾರ ಮಾಡುತ್ತದೆ. ಮಾರ್ಗಸೂಚಿ ಹೀಗೆ ಮಾಡಿ ಎಂದು ಇಲಾಖೆ ಹೇಳುವ ಮಾತು. ಆ ಮಾತನ್ನು ಯೋಜನೆಯ ಮಂಜೂರಾತಿ ಆದೇಶದಲ್ಲಿ ಷರತ್ತಾಗಿ ಬರೆದರೆ ಅದಕ್ಕೆ ಹಲ್ಲು ಬರುತ್ತದೆ. ಆದ್ದರಿಂದ ಮಾರ್ಗಸೂಚಿಯ ಪ್ರತಿಗಿಂತ ಮಂಜೂರಾತಿ ಆದೇಶದ ಪ್ರತಿ ಹೆಚ್ಚು ಕೆಲಸಕ್ಕೆ ಬರುವ ಕಾಗದ.

ನಾಲ್ಕು ಬಗೆಯ ಹಣ

ಹಳ್ಳಿಯ ಕಟ್ಟೆಯ ಮೇಲೆ ಕಂಪನಿಯವರು ಊರಿಗೆ ಇಷ್ಟು ಕೊಟ್ಟರು ಎಂಬ ಮಾತು ಬಂದಾಗ ಗೊಂದಲ ಶುರುವಾಗುವುದು ಇಲ್ಲಿಂದ. ಕೊಟ್ಟ ಹಣ ನಾಲ್ಕರಲ್ಲಿ ಯಾವುದಾದರೂ ಒಂದಾಗಿರಬಹುದು.

ಮೊದಲನೆಯದು ಬಾಡಿಗೆ. ಹೊಲವನ್ನು ಲಾವಣಿಗೆ ಹಾಕಿದರೆ ಬರುವ ಹಣದಂತೆ ಇದು ಜಮೀನಿನ ಮಾಲೀಕರಿಗೂ ಕಂಪನಿಗೂ ನಡುವಿನ ವ್ಯವಹಾರ. ಊರಿಗೆ ಇದರಲ್ಲಿ ಪಾಲಿಲ್ಲ. ಒಂದು ವರ್ಷಕ್ಕೆ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು. ಅದು ಪಹಣಿಯ 11ನೇ ಕಾಲಮಿನಲ್ಲಿ ಕಾಣುವಂತಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇನ್ನೊಂದು ಎಚ್ಚರ ಬೇಕು: 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಎಂಬ ಪದದೊಳಗೆ ಲೀಸ್ ಕೂಡ ಸೇರಿದೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದರೆ ಅದು ನಿಲ್ಲುವುದಿಲ್ಲ. ಮಾರಾಟವಲ್ಲ, ಬರೀ ಲೀಸ್ ಎಂಬ ಏಜೆಂಟರ ಸಮಾಧಾನ ಇಲ್ಲಿ ಸಲ್ಲದು.

ಎರಡನೆಯದು ಪರಿಹಾರ. ಪಕ್ಕದವರ ಎತ್ತು ನಮ್ಮ ಜೋಳ ಮೇಯ್ದರೆ ಕೇಳಿ ಪಡೆಯುವ ಹಣದ ಹಾಗೆ, ಇದು ಆದ ನಷ್ಟಕ್ಕೆ ತಕ್ಕ ಹಣ. ಹೊಲದ ಮೇಲೆ ಹಾಯುವ ತಂತಿ, ಹೊಲದೊಳಗೆ ನಿಲ್ಲುವ ಟವರ್, ಹಾಳಾದ ಬೆಳೆ ಇದರಡಿ ಬರುತ್ತವೆ. ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಮಾಡಿದ್ದ ಮಾರ್ಗಸೂಚಿಯನ್ನು 2024ರ ಜೂನ್‌ನಲ್ಲಿ ಬದಲಿಸಿ, ಪ್ರಸರಣ ಟವರಿನ ಬುಡದ ಜಾಗಕ್ಕೆ ಜಮೀನಿನ ಬೆಲೆಯ ಶೇ 200, ತಂತಿಯ ಕೆಳಗಿನ ಪಟ್ಟಿಗೆ ಗ್ರಾಮೀಣ ಪ್ರದೇಶದಲ್ಲಿ ಶೇ 30 ಎಂದು ಹೇಳಿತು. ಆದರೆ ಇದು 66 ಕೆವಿ ಮತ್ತು ಅದಕ್ಕೂ ಮೇಲಿನ ದೊಡ್ಡ ಮಾರ್ಗಗಳ ಮಾತು. ಫ್ಯಾನಿನಿಂದ ಫ್ಯಾನಿಗೆ, ಅಲ್ಲಿಂದ ಸಬ್‌ಸ್ಟೇಷನ್‌ಗೆ ಹೋಗುವ ಮಾರ್ಗ ಸಾಮಾನ್ಯವಾಗಿ 33 ಕೆವಿಯದು; ಹೊಲದ ನಡುವೆ ರಾತ್ರೋರಾತ್ರಿ ಕಂಬ ನಿಂತಿತು ಎಂಬ ತಕರಾರುಗಳು ಹೆಚ್ಚಾಗಿ ಹುಟ್ಟುವುದು ಇದರಿಂದ. ಅಲ್ಲಿ ಮೊತ್ತ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ, ಬರೆದಿಟ್ಟ ದರವಿಲ್ಲ. ವಿದ್ಯುಚ್ಛಕ್ತಿ ಕಾಯ್ದೆಯಡಿ ಮಾಡಿದ 2006ರ ನಿಯಮಗಳ ಪ್ರಕಾರ ಮಾಲೀಕರು ತಂತಿಗೆ ಆಕ್ಷೇಪಿಸಿದರೆ ವಿಷಯ ಜಿಲ್ಲಾಧಿಕಾರಿಗಳ ಮುಂದೆ ಹೋಗಬೇಕು. ಅದೇ ಕಾಯ್ದೆಯ 164ನೇ ಕಲಮಿನಡಿ ಸರ್ಕಾರ ವಿಶೇಷ ಅಧಿಕಾರ ಕೊಟ್ಟಿದ್ದರೆ 1885ರ ಟೆಲಿಗ್ರಾಫ್ ಕಾಯ್ದೆ ಅನ್ವಯವಾಗುತ್ತದೆ. ಆಗ ತಂತಿಯನ್ನು ತಡೆಯುವುದು ಕಷ್ಟ, ಪರಿಹಾರ ಸಾಲದೆಂದು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಕಂಬ ನೆಡಲು ಬಂದವರನ್ನು ಮೊದಲು ಕೇಳಬೇಕಾದ ಕಾಗದ ಆ ಆದೇಶವೇ.

ಮೂರನೆಯದು ತೆರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಮು ಗ್ರಾಮ ಪಂಚಾಯ್ತಿಗೆ ಕಟ್ಟಡಗಳ ಮತ್ತು ಕೃಷಿಯೇತರ ಜಮೀನಿನ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಇದನ್ನು ಕೊಡುವುದು ಔದಾರ್ಯವಲ್ಲ, ಕೊಡದಿರುವುದು ಬಾಕಿ. ಪಂಚಾಯ್ತಿಯ ಡಿಸಿಬಿ ವಹಿಯಲ್ಲಿ, ಅಂದರೆ ಬೇಡಿಕೆ, ವಸೂಲಿ, ಬಾಕಿ ಮೂರನ್ನೂ ಬರೆಯುವ ಪುಸ್ತಕದಲ್ಲಿ, ಕಂಪನಿಯ ಆಸ್ತಿಗಳಿಗೆ ಸಾಲುಗಳಿವೆಯೇ ಎಂದು ನೋಡಿದರೆ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ಬಡವರ ಮನೆಗೆ ನೂರು ರೂಪಾಯಿ ಕರ ಬಾಕಿ ಇದ್ದರೂ ಹೆಸರು ಆ ವಹಿಯಲ್ಲಿ ಇದ್ದೇ ಇರುತ್ತದೆ.

ನಾಲ್ಕನೆಯದು ಸಿಎಸ್ಆರ್, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಸಿಎಸ್ಆರ್ ಹಣ ಊರಿಗೆ ಬರಲೇಬೇಕೇ?

ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ, ದವಸ ಬರುತ್ತದೆ. ಯಾರು ಎಷ್ಟು ಕೊಡಬೇಕೆಂಬ ಕಾನೂನಿಲ್ಲ, ಆದರೆ ದಾಸೋಹ ಎಲ್ಲಿ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಸಿಎಸ್ಆರ್ ಇದಕ್ಕೆ ಉಲ್ಟಾ: ಎಷ್ಟು ಕೊಡಬೇಕೆಂಬುದಕ್ಕೆ ಕಾನೂನಿದೆ, ಯಾವ ಊರಿಗೆಂಬುದು ಕೊಡುವವರ ತೀರ್ಮಾನ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪನಿ ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಆದರೆ ಆ ಆದ್ಯತೆ ಕಡ್ಡಾಯವಲ್ಲ, ಬರಿಯ ನಿರ್ದೇಶನ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ನಮ್ಮೂರಲ್ಲಿ ಫ್ಯಾನ್ ಇದೆ, ಆದ್ದರಿಂದ ಶೇ 2 ನಮ್ಮೂರಿಗೇ ಬರಬೇಕು ಎಂಬ ವಾದ ಕಾನೂನಿನಲ್ಲಿ ನಿಲ್ಲದಿರುವುದು ಇದರಿಂದ.

ಇನ್ನೂ ಒಂದು ತೊಡಕಿದೆ. ದೊಡ್ಡ ಸಮೂಹಗಳು ಒಂದೊಂದು ಯೋಜನೆಗೂ ಒಂದೊಂದು ಪ್ರತ್ಯೇಕ ಕಂಪನಿ ಹುಟ್ಟುಹಾಕುವುದು ರೂಢಿ. ಬೋರ್ಡಿನ ಮೇಲೆ ಕಾಣುವ ಹೆಸರು ದೊಡ್ಡದಾದರೂ ಹೊಲದ ಲೀಸಿನ ಕಾಗದದಲ್ಲಿ ಇರುವುದು ಇನ್ಯಾವುದೋ ಚಿಕ್ಕ ಕಂಪನಿ. ಶೇ 2ರ ಲೆಕ್ಕ ಆಗುವುದು ಆ ಚಿಕ್ಕ ಕಂಪನಿಯ ಲಾಭದ ಮೇಲೆ. ಹೊಸ ಯೋಜನೆಯ ಮೊದಲ ವರ್ಷಗಳಲ್ಲಿ ಸಾಲದ ಬಡ್ಡಿ, ಯಂತ್ರದ ಸವಕಳಿ ಕಳೆದರೆ ಪುಸ್ತಕದಲ್ಲಿ ಲಾಭ ಉಳಿಯುವುದೇ ಕಡಿಮೆ, ಕೆಲವೊಮ್ಮೆ ಏನೂ ಉಳಿಯದು. ರಸ್ತೆ ಹಾಳಾಗುವುದು, ದೂಳು ಏಳುವುದು, ಊರಿಗೆ ತೊಂದರೆ ಹೆಚ್ಚಾಗುವುದು ಮೊದಲ ಎರಡು ವರ್ಷ. ಸಿಎಸ್ಆರ್ ಹಣ ಬರುವುದಾದರೆ ಅದು ಆಮೇಲೆ. ಕಂಪನಿಯವರು ಸುಳ್ಳು ಹೇಳುತ್ತಿದ್ದಾರೆಂದು ಊರವರೂ, ಊರವರು ಅತಿ ಆಸೆ ಪಡುತ್ತಾರೆಂದು ಕಂಪನಿಯವರೂ ಅಂದುಕೊಳ್ಳಲು ಈ ಅಂತರ ಬಹಳ ಮಟ್ಟಿಗೆ ಕಾರಣ.

ಯಾವುದಕ್ಕೆ ಖರ್ಚು ಮಾಡಬಹುದೆಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ: ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಗ್ರಾಮೀಣಾಭಿವೃದ್ಧಿ ಮುಂತಾದವು. ಪಾರಂಪರಿಕ ಕಟ್ಟಡಗಳ ಜೀರ್ಣೋದ್ಧಾರವನ್ನು ಬಿಟ್ಟರೆ ಗುಡಿ ಕಟ್ಟಿಸುವುದು ಆ ಪಟ್ಟಿಯಲ್ಲಿಲ್ಲ. ಓಣಿಯ ಗುಡಿಗೆ ಕಂಪನಿಯವರು ಕೈಯಿಂದ ಕೊಟ್ಟ ದೇಣಿಗೆ ದೇಣಿಗೆಯೇ. ಅದನ್ನು ಸಿಎಸ್ಆರ್ ಎಂದು ಲೆಕ್ಕ ತೋರಿಸುವಂತಿಲ್ಲ, ಅದು ಬಂತೆಂದು ಸಿಎಸ್ಆರ್ ಮುಗಿಯಿತು ಎಂದೂ ಹೇಳುವಂತಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದು ನಿಯಮಗಳಲ್ಲಿದೆ: ಕಂಪನಿ ತನ್ನ ವ್ಯವಹಾರದ ಭಾಗವಾಗಿ ಮಾಡುವ ಕೆಲಸವನ್ನೂ, ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನೂ ಸಿಎಸ್ಆರ್ ಎನ್ನುವಂತಿಲ್ಲ. ತನ್ನ ಟ್ರೇಲರ್ ಓಡಿಸಲು ಅಗಲ ಮಾಡಿದ ರಸ್ತೆ, ತಾನೇ ಕೆಡಿಸಿ ಮತ್ತೆ ಡಾಂಬರು ಹಾಕಿಸಿದ ರಸ್ತೆ ಊರಿಗೆ ಕೊಟ್ಟ ಕೊಡುಗೆಯಲ್ಲ, ತೀರಿಸಿದ ಸಾಲ. ಕೊಡುಗೆಯ ಬೋರ್ಡುಗಳನ್ನು ಓದುವಾಗ ಈ ಒಂದು ವ್ಯತ್ಯಾಸ ನೆನಪಿದ್ದರೆ ಸಾಕು, ಅರ್ಧದಷ್ಟು ಬೋರ್ಡುಗಳ ಅರ್ಥವೇ ಬದಲಾಗುತ್ತದೆ.

ಗಣಿಗೆ ಇರುವ ನಿಧಿ ಗಾಳಿಗೆ ಏಕಿಲ್ಲ

ಬಳ್ಳಾರಿ ಜಿಲ್ಲೆಯವರಿಗೆ ಈ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಸಂಡೂರಿನ ಅದಿರು ಸರ್ಕಾರದ ಆಸ್ತಿ, ತೆಗೆದವರು ರಾಜಧನ ಕೊಡಬೇಕು. 2015ರ ತಿದ್ದುಪಡಿಯ ನಂತರ ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕು: ಹಳೆಯ ಗುತ್ತಿಗೆಗಳಿಗೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದ ಹೊಸ ಗುತ್ತಿಗೆಗಳಿಗೆ ಶೇ 10. ಜಲವಿದ್ಯುತ್ತಿಗೂ ಇಂಥದೊಂದಿದೆ, 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿ ರಾಜ್ಯಕ್ಕೆ ಶೇ 12ರಷ್ಟು ಉಚಿತ ವಿದ್ಯುತ್, ಅದರ ಮೇಲೆ ಸ್ಥಳೀಯ ಅಭಿವೃದ್ಧಿಗೆ ಇನ್ನೂ ಶೇ 1 ಎಂದು ಹೇಳಿತು. ಅದಿರು ತೆಗೆದರೆ ಮುಗಿಯುತ್ತದೆ, ನದಿಗೆ ಅಣೆಕಟ್ಟು ಕಟ್ಟಿದರೆ ಊರು ಮುಳುಗುತ್ತದೆ. ಗಾಳಿ ಯಾರ ಆಸ್ತಿಯೂ ಅಲ್ಲ, ಬೀಸಿದಷ್ಟೂ ಮುಗಿಯುವುದಿಲ್ಲ. ಆದ್ದರಿಂದ ಅದಕ್ಕೆ ರಾಜಧನವಿಲ್ಲ, ರಾಜಧನವಿಲ್ಲದ್ದರಿಂದ ಅದರ ಮೇಲೆ ನಿಲ್ಲುವ ಜಿಲ್ಲಾ ನಿಧಿಯೂ ಇಲ್ಲ.

ಬೇರೆ ಕಡೆ ಬೇರೆ ದಾರಿ ಹುಡುಕಿದ್ದಾರೆ. ಸ್ಕಾಟ್ಲೆಂಡ್ ಸರ್ಕಾರದ ಮಾರ್ಗಸೂಚಿ ಪ್ರತಿ ಮೆಗಾವ್ಯಾಟ್‌ಗೆ ವರ್ಷಕ್ಕೆ 5,000 ಪೌಂಡ್ ಸುತ್ತಲಿನ ಜನರಿಗೆ ಕೊಡುವಂತೆ ಶಿಫಾರಸು ಮಾಡುತ್ತದೆ. ಅದು ಅಲ್ಲಿಯೂ ಕಡ್ಡಾಯವಲ್ಲ, ಆದರೆ ಯಾವ ಯೋಜನೆ ಎಷ್ಟು ಕೊಡುತ್ತದೆಂಬ ಸಾರ್ವಜನಿಕ ದಾಖಲೆಯನ್ನು ಇಟ್ಟಿದ್ದಾರೆ. ಐರ್ಲೆಂಡಿನಲ್ಲಿ ಸರ್ಕಾರದ ಬೆಂಬಲ ಯೋಜನೆಯಡಿ ಬರುವವರು ಪ್ರತಿ ಸಾವಿರ ಯೂನಿಟ್‌ಗೆ 2 ಯೂರೊ ಕಟ್ಟಲೇಬೇಕು. ಮೇಲೆ ಲೆಕ್ಕ ಹಾಕಿದ 3 ಮೆಗಾವ್ಯಾಟ್ ಫ್ಯಾನಿಗೆ ಸ್ಕಾಟ್ಲೆಂಡಿನ ದರ ಹಾಕಿದರೆ ವರ್ಷಕ್ಕೆ 15,000 ಪೌಂಡ್, ಅಂದರೆ 15 ಲಕ್ಷ ರೂಪಾಯಿಗೂ ಹೆಚ್ಚು. ಆ ದೇಶಗಳ ವಿದ್ಯುತ್ ದರ ನಮ್ಮದಕ್ಕಿಂತ ಬಹಳ ಹೆಚ್ಚಾದ್ದರಿಂದ ಅದೇ ಅಂಕಿಯನ್ನು ಇಲ್ಲಿ ಕೇಳುವುದು ಲೆಕ್ಕಕ್ಕೆ ಕೂಡದು. ಗಮನಿಸಬೇಕಾದದ್ದು ವಿಧಾನವನ್ನು: ಅಲ್ಲಿ ಹಣವನ್ನು ಲಾಭಕ್ಕೆ ಕಟ್ಟಿಲ್ಲ, ಯಂತ್ರದ ತಾಕತ್ತಿಗೋ ತಯಾರಾದ ಯೂನಿಟ್‌ಗೋ ಕಟ್ಟಿದ್ದಾರೆ. ಮೀಟರ್ ನೋಡಿ ಯಾರು ಬೇಕಾದರೂ ಹೇಳಬಹುದಾದ ಲೆಕ್ಕ ಅದು. ಲಾಭದ ಲೆಕ್ಕಕ್ಕಾದರೆ ಲೆಕ್ಕಪರಿಶೋಧಕರೇ ಬೇಕು.

ಇಪ್ಪತ್ತೈದು ವರ್ಷದ ನಂತರ

ಫ್ಯಾನಿನ ಬುಡದಲ್ಲಿ ನೂರಾರು ಘನ ಮೀಟರ್ ಕಾಂಕ್ರೀಟ್ ನೆಲದೊಳಗೆ ಕೂತಿರುತ್ತದೆ. ಯಂತ್ರದ ಆಯುಷ್ಯ ಸುಮಾರು 25 ವರ್ಷ. ಆಮೇಲೆ ಅದನ್ನು ಬಿಚ್ಚುವವರು ಯಾರು, ಕಾಂಕ್ರೀಟನ್ನು ಎಷ್ಟು ಆಳದವರೆಗೆ ಒಡೆದು ತೆಗೆಯಬೇಕು, ಅಷ್ಟರಲ್ಲಿ ಕಂಪನಿ ಇನ್ನೊಬ್ಬರಿಗೆ ಮಾರಾಟವಾಗಿದ್ದರೆ ಹೊಣೆ ಯಾರದು ಎಂಬುದಕ್ಕೆ ಉತ್ತರ ಲೀಸಿನ ಕರಾರಿನಲ್ಲಿ ಇರಬೇಕು. ಎರೆ ಹೊಲದಲ್ಲಿ ಒಂದೂವರೆ ಅಡಿಯ ಕೆಳಗೆ ಕಾಂಕ್ರೀಟ್ ಉಳಿದರೆ ಅಲ್ಲಿ ಮುಂದೆ ಕಡಲೆ ಹೇಗೆ ಬೆಳೆಯುತ್ತದೆಂದು ಸಹಿ ಹಾಕುವ ದಿನವೇ ಯೋಚಿಸಬೇಕಾದವರು ರೈತರೇ. ಈ ಕರಾರಿಗೆ ಸರ್ಕಾರ ಪಕ್ಷಗಾರನಲ್ಲ.

ಕಾಗದ ಕೇಳುವ ಬಗೆ

2005ರ ಮಾಹಿತಿ ಹಕ್ಕು ಕಾಯ್ದೆ ಖಾಸಗಿ ಕಂಪನಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕಂಪನಿ ಸರ್ಕಾರಿ ಕಚೇರಿಗೆ ಕೊಟ್ಟ ಕಾಗದ ಆ ಕಚೇರಿಯ ದಾಖಲೆಯಾಗುತ್ತದೆ, ಅದನ್ನು ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಾರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ನಂತರ ಮಾಹಿತಿ ಆಯೋಗ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಎಲ್ಲ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ಸುರಿದವರ ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಈ ಕಾರಣಕ್ಕೆ. ಏಕೆ ಮಾಡಿದಿರಿ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ಇಂಥ ದಿನಾಂಕದ ಠರಾವಿನ ಪ್ರತಿ ಕೊಡಿ ಎಂದರೆ ಕೊಡಲೇಬೇಕಾಗುತ್ತದೆ.

ಹಾಗೆ ನೋಡಿದರೆ ಪಿಡಿಒ ಅವರಿಗೆ ಹೋಗಬೇಕಾದ ಅರ್ಜಿ ಪರವಾನಗಿಯ ಠರಾವು ಮತ್ತು ಡಿಸಿಬಿ ವಹಿಯ ಪುಟಗಳದು. ತಹಶೀಲ್ದಾರರಿಗೆ ಹೋಗಬೇಕಾದದ್ದು ಸರ್ವೆ ನಂಬರಿನ ಭೂಪರಿವರ್ತನೆಯ ಕಡತದ್ದು. ಕ್ರೆಡಲ್‌ಗೆ ಹೋಗಬೇಕಾದದ್ದು ಮಂಜೂರಾತಿ ಆದೇಶ, ಅದರ ಷರತ್ತು ಮತ್ತು ಫ್ಯಾನ್‌ಗಳು ನಿಂತ ಸ್ಥಳಗಳ ನಕ್ಷೆಯದು. ಸಿಎಸ್ಆರ್‌ಗೆ ಅರ್ಜಿಯೇ ಬೇಡ. ಯಾವ ಕೆಲಸಕ್ಕೆ ಎಷ್ಟು ಎಂಬುದನ್ನು ಕಂಪನಿ ತನ್ನ ವಾರ್ಷಿಕ ವರದಿಯಲ್ಲೂ, ವೆಬ್‌ಸೈಟ್ ಇದ್ದರೆ ಅದರಲ್ಲೂ ಪ್ರಕಟಿಸಬೇಕು, ಕೇಂದ್ರ ಸರ್ಕಾರದ ಸಿಎಸ್ಆರ್ ಪೋರ್ಟಲ್‌ನಲ್ಲೂ ನೋಡಬಹುದು. ಹುಡುಕುವಾಗ ಬೋರ್ಡಿನ ಮೇಲಿನ ಹೆಸರನ್ನಲ್ಲ, ಲೀಸ್ ಕಾಗದದಲ್ಲಿರುವ ಆ ಚಿಕ್ಕ ಕಂಪನಿಯ ಪೂರ್ತಿ ಹೆಸರನ್ನು ಹಾಕಬೇಕು.

ಆ ತಿರುವಿನ ಹಿರಿಯರ ಪ್ರಶ್ನೆಗೂ ಹೀಗೆಯೇ ಉತ್ತರ ಹುಡುಕಬಹುದು. ರಸ್ತೆ ಅಗಲ ಮಾಡಲು ಒಪ್ಪಿಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕಡತದಲ್ಲಿ, ಕೆಟ್ಟ ರಸ್ತೆಯನ್ನು ಸರಿಮಾಡುವ ಷರತ್ತೋ ಠೇವಣಿಯೋ ಇದ್ದರೆ ಅದೂ ಅಲ್ಲಿಯೇ. ಸರ್ವಿಸ್ ವೈರು ಮುಟ್ಟುವ ಮೊದಲು ಲೈನ್ ಬಂದ್ ಮಾಡಲು ಕೇಳಿದ್ದರೆ ಅದು ಜೆಸ್ಕಾಂನ ಸೆಕ್ಷನ್ ಕಚೇರಿಯಲ್ಲಿ. ರಸ್ತೆ ಬದಿಯ ಬೇವಿನ ಕೊಂಬೆಯ ಕಾಗದ, ಇದ್ದರೆ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ. ಮೂರು ಅರ್ಜಿ, ಒಟ್ಟು 30 ರೂಪಾಯಿ.